ಗಾಳಿಗೆ ಭೇದವಿಲ್ಲ: ಅಂಗವಿಕಲರ ಹಾಯಿದೋಣಿ ಯಾನ ಬೆಳೆದು ಬಂದ ಬಗೆ

ಸಮುದ್ರಯಾನವೆಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಕಟ್ಟುಮಸ್ತಾದ ನಾವಿಕನೊಬ್ಬನ ಚಿತ್ರ. ಬಿರುಗಾಳಿಗೆ ಎದೆಯೊಡ್ಡಿ, ಎರಡು ಕೈಗಳಿಂದಲೂ ಹಗ್ಗ ಜಗ್ಗುತ್ತ, ಹೊಯ್ದಾಡುವ ದೋಣಿಯಲ್ಲಿ ಕಾಲೂರಿ ನಿಂತವನೇ ಕಡಲನ್ನು ಗೆಲ್ಲಬಲ್ಲನೆಂಬುದು ಬಹುಕಾಲದಿಂದ ಬಂದ ನಂಬಿಕೆ. ಕೈಕಾಲುಗಳಲ್ಲಿ ಶಕ್ತಿಯಿಲ್ಲದವರು, ಕಣ್ಣು ಕಾಣದವರು ದಡದಲ್ಲಿ ಕುಳಿತು ಅಲೆಗಳನ್ನು ನೋಡಿ ಅಥವಾ ಕೇಳಿ ತೃಪ್ತರಾಗಬೇಕೇ ಹೊರತು ನೀರಿಗಿಳಿಯುವ ಆಸೆಯನ್ನು ಇಟ್ಟುಕೊಳ್ಳಬಾರದೆಂದು ನಾವೆಲ್ಲರೂ ಸದ್ದಿಲ್ಲದೆ ಒಪ್ಪಿಕೊಂಡಿದ್ದೆವು.

2005ರ ಆಗಸ್ಟ್ 23ರಂದು ಇಂಗ್ಲೆಂಡಿನ ಡೋವರ್ ಬಂದರಿನಿಂದ ಹೊರಟ ಒಂದು ಹಾಯಿದೋಣಿ ಸುಮಾರು ಆರು ಗಂಟೆಗಳ ತರುವಾಯ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿ ಫ್ರಾನ್ಸಿನ ಕ್ಯಾಲೇ ಬಂದರನ್ನು ಮುಟ್ಟಿತು. ಅದನ್ನು ಏಕಾಂಗಿಯಾಗಿ ನಡೆಸಿದವರು ಹಿಲರಿ ಲಿಸ್ಟರ್ ಎಂಬ ಮಹಿಳೆ. ಬಾಲ್ಯದಲ್ಲಿ ಎಲ್ಲರಂತೆ ಓಡಾಡಿಕೊಂಡಿದ್ದ ಅವರ ದೇಹವನ್ನು ನರಸಂಬಂಧವಾದ ವ್ಯಾಧಿಯೊಂದು ಕ್ರಮೇಣ ಆಕ್ರಮಿಸಿ, ಮೊದಲು ಕಾಲುಗಳನ್ನೂ ಆಮೇಲೆ ಕೈಗಳನ್ನೂ ನಿಶ್ಚಲಗೊಳಿಸಿತ್ತು. ಕತ್ತಿನಿಂದ ಮೇಲಕ್ಕೆ ಮಾತ್ರ ಚಲನೆ ಉಳಿದಿತ್ತು. ಬಾಯಿಯ ಮುಂದೆ ಅಳವಡಿಸಿದ್ದ ಕೊಳವೆಗಳನ್ನು ಹೀರುವುದರಿಂದಲೂ ಊದುವುದರಿಂದಲೂ ಅವರು ಚುಕ್ಕಾಣಿಯನ್ನು ತಿರುಗಿಸಿದರು, ಹಾಯಿಯನ್ನು ಬಿಗಿಗೊಳಿಸಿದರು, ಸಡಿಲಿಸಿದರು. ನಾಲ್ಕು ವರ್ಷಗಳ ಅನಂತರ, 2009ರಲ್ಲಿ, ಇದೇ ವಿಧಾನದಿಂದ ಬ್ರಿಟನ್ನಿನ ಕಡಲತಡಿಯನ್ನೆಲ್ಲ ಏಕಾಂಗಿಯಾಗಿ ಸುತ್ತಿ ಬಂದರು.

ಇದನ್ನು ಪವಾಡವೆಂದು ಬಣ್ಣಿಸಿ ಸುಮ್ಮನಾಗುವುದು ಸುಲಭ. ಆದರೆ ಪವಾಡವೆಂದುಬಿಟ್ಟರೆ ವಿಚಾರ ಅಲ್ಲಿಗೇ ಮುಗಿಯುತ್ತದೆ. ‘ಇದು ಹೇಗೆ ಸಾಧ್ಯವಾಯಿತು?’ ಎಂದು ಕೇಳಿದಾಗ ಮಾತ್ರ ಒಬ್ಬರ ಸಾಧನೆ ನೂರು ಜನರಿಗೆ ದಾರಿಯಾಗುತ್ತದೆ. ಹಾಗೆ ಕೇಳುತ್ತ ಹೋದರೆ ಒಂದು ಸತ್ಯ ಗೋಚರವಾಗುತ್ತದೆ. ಅಂಗವಿಕಲರಿಗೆ ಇದ್ದ ಅಡ್ಡಿ ನೀರಿನಲ್ಲಿ ಇದ್ದುದು ಸ್ವಲ್ಪ, ದೋಣಿಯ ರಚನೆಯಲ್ಲಿ ಇದ್ದುದು ಹೆಚ್ಚು, ದಡದಲ್ಲಿ ಇದ್ದುದು ಎಲ್ಲಕ್ಕಿಂತ ಹೆಚ್ಚು. ಈ ಮಾತನ್ನು ಕೆಲವು ನಿದರ್ಶನಗಳಿಂದ ವಿವರಿಸುವುದೇ ಈ ಲೇಖನದ ಉದ್ದೇಶ.

ಹಾಯಿದೋಣಿಯ ನಡೆ

ಹಾಯಿದೋಣಿಗೆ ಗಾಳಿಯೇ ಶಕ್ತಿ. ಗಾಳಿ ಹಿಂದಿನಿಂದ ಬೀಸಿದಾಗ ಅದು ಹಾಯಿಯನ್ನು ತಳ್ಳಿ ದೋಣಿಯನ್ನು ಮುಂದೊಯ್ಯುತ್ತದೆ ಎಂಬುದು ಎಲ್ಲರಿಗೂ ತಿಳಿಯುವ ವಿಷಯ. ಗಾಳಿ ಪಕ್ಕದಿಂದ ಬೀಸುವಾಗಲೂ ದೋಣಿ ಮುಂದಕ್ಕೇ ಸಾಗುವುದು ಮೊದಲ ನೋಟಕ್ಕೆ ಸೋಜಿಗವಾಗಿ ಕಾಣಬಹುದು. ಬಾಗಿದ ಹಾಯಿಯ ಎರಡು ಮೈಗಳ ಮೇಲೆ ಗಾಳಿಯ ಒತ್ತಡ ಒಂದೇ ಸಮನಾಗಿರುವುದಿಲ್ಲ. ಆ ವ್ಯತ್ಯಾಸದಿಂದ ದೋಣಿ ಪಕ್ಕಕ್ಕೂ ಮುಂದಕ್ಕೂ ಏಕಕಾಲದಲ್ಲಿ ಸೆಳೆಯಲ್ಪಡುತ್ತದೆ. ದೋಣಿಯ ಅಡಿಯಲ್ಲಿ ನೀರಿನೊಳಕ್ಕೆ ಇಳಿಬಿಟ್ಟಿರುವ ಹಲಗೆ ಪಕ್ಕಕ್ಕೆ ಸರಿಯುವುದನ್ನು ತಡೆಯುತ್ತದೆ. ಉಳಿಯುವುದು ಮುನ್ನಡೆ ಮಾತ್ರ. ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಚಲಿಸಲಾರದು. ಆದುದರಿಂದ ನಾವಿಕನು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಓರೆಯಾಗಿ ಸಾಗಿ, ಘಾಟಿಯ ರಸ್ತೆಯಂತೆ ಅಂಕುಡೊಂಕಾದ ಮಾರ್ಗದಿಂದ ಗಾಳಿ ಬರುವ ದಿಕ್ಕಿನತ್ತ ಮೇಲೇರುತ್ತಾನೆ.

ಇಷ್ಟಕ್ಕೆ ಬೇಕಾದ ಕೆಲಸಗಳು ಎರಡೇ. ಚುಕ್ಕಾಣಿಯನ್ನು ತಿರುಗಿಸಿ ದಿಕ್ಕು ಹಿಡಿಯುವುದು ಒಂದು. ಹಗ್ಗದಿಂದ ಹಾಯಿಯನ್ನು ಗಾಳಿಗೆ ತಕ್ಕಂತೆ ಎಳೆಯುವುದು ಅಥವಾ ಬಿಡುವುದು ಇನ್ನೊಂದು. ಇವೆರಡರ ಹಿಂದೆ ಇರುವ ಮುಖ್ಯ ಬಂಡವಾಳವೆಂದರೆ ಗಾಳಿಯನ್ನು ಓದುವ ಬುದ್ಧಿ. ಅದಕ್ಕೂ ಕಾಲುಗಳಿಗೂ ಸಂಬಂಧವಿಲ್ಲ.

ಹಾಗಾದರೆ ದೇಹಬಲದ ಪ್ರಶ್ನೆ ಎಲ್ಲಿಂದ ಬಂದಿತು? ಸಾಮಾನ್ಯವಾದ ಚಿಕ್ಕ ಹಾಯಿದೋಣಿಯಲ್ಲಿ ಮೂರನೆಯ ಕೆಲಸವೊಂದಿದೆ. ಗಾಳಿಯ ಒತ್ತಡದಿಂದ ದೋಣಿ ಒಂದು ಕಡೆಗೆ ವಾಲಿದಾಗ ಅದರಲ್ಲಿರುವವರು ಇನ್ನೊಂದು ಕಡೆಯ ಅಂಚಿನ ಮೇಲೆ ಕುಳಿತು, ಬೆನ್ನನ್ನು ನೀರಿನ ಮೇಲಕ್ಕೆ ಚಾಚಿ, ತಮ್ಮ ತೂಕದಿಂದಲೇ ಅದನ್ನು ಸಮತೋಲಕ್ಕೆ ತರಬೇಕು. ದೋಣಿ ದಿಕ್ಕು ಬದಲಿಸಿದಾಗಲೆಲ್ಲ ತಲೆಯ ಮೇಲೆ ಬೀಸಿ ಬರುವ ಅಡ್ಡಮರಕ್ಕೆ ತಲೆತಗ್ಗಿಸಿ, ಕ್ಷಣಮಾತ್ರದಲ್ಲಿ ಎದುರು ಬದಿಗೆ ದಾಟಬೇಕು. ಅಂದರೆ ಇಲ್ಲಿ ನಾವಿಕನು ದೋಣಿಯನ್ನು ನಡೆಸುವವನಷ್ಟೇ ಅಲ್ಲ, ಅತ್ತಿತ್ತ ಸರಿಯುವ ತೂಕದ ಕಲ್ಲೂ ಹೌದು. ಅಂಗವಿಕಲರನ್ನು ನೀರಿನಿಂದ ದೂರವಿಟ್ಟದ್ದು ಈ ಮೂರನೆಯ ಕೆಲಸ. ಆದರೆ ಇದು ಗಾಳಿ ವಿಧಿಸಿದ ನಿಯಮವಲ್ಲ; ದೋಣಿ ಕಟ್ಟಿದವರು ವಿಧಿಸಿದ ನಿಯಮ. ಮನುಷ್ಯ ಮಾಡಿದ ನಿಯಮವನ್ನು ಮನುಷ್ಯನೇ ತಿದ್ದಬಹುದು.

ದೋಣಿಯೇ ಬದಲಾದ ಕಥೆ

ತಳದಲ್ಲಿ ಭಾರವಿಟ್ಟು ಮಾಡಿದ ಗೊಂಬೆಯನ್ನು ಮಕ್ಕಳು ಎಷ್ಟು ತಳ್ಳಿದರೂ ಅದು ಮತ್ತೆ ಎದ್ದು ನಿಲ್ಲುವುದನ್ನು ನಾವೆಲ್ಲರೂ ನೋಡಿದ್ದೇವೆ. ಅಂಗವಿಕಲರ ದೋಣಿಯ ರಹಸ್ಯವೂ ಅದೇ. ಮನುಷ್ಯನ ಮೈತೂಕವನ್ನು ಅತ್ತಿತ್ತ ಸರಿಸುವುದರ ಬದಲು, ದೋಣಿಯ ಅಡಿಯ ಹಲಗೆಗೇ ಭಾರವನ್ನು ಸೇರಿಸಿದರೆ ಅದು ವಾಲಿದರೂ ತಾನಾಗಿ ನೆಟ್ಟಗಾಗುತ್ತದೆ. ಆಗ ನಾವಿಕನು ಕುಳಿತಲ್ಲಿಂದ ಕದಲಬೇಕಾಗಿಲ್ಲ.

1990ರ ದಶಕದಲ್ಲಿ ಆಸ್ಟ್ರೇಲಿಯಾದ ಕ್ರಿಸ್ ಮಿಚೆಲ್ ಎಂಬ ವಿನ್ಯಾಸಕಾರರು ಈ ತತ್ತ್ವವನ್ನು ಸರಳವಾದ ಪುಟ್ಟ ದೋಣಿಯೊಂದಕ್ಕೆ ಅಳವಡಿಸಿದರು. ಮೊದಲು ‘ಆಕ್ಸೆಸ್’ ಎಂದು ಕರೆಯಲ್ಪಟ್ಟು ಈಗ ‘ಹಾನ್ಸಾ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ದೋಣಿಗಳ ವಂಶ ಹುಟ್ಟಿದ್ದು ಹೀಗೆ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಹಾನ್ಸಾ 303’ರ ಉದ್ದ 3.03 ಮೀಟರ್, ಅಂದರೆ ಸುಮಾರು ಹತ್ತು ಅಡಿ. ಇದರಲ್ಲಿ ನಾವಿಕನು ಅಂಚಿನ ಮೇಲೆ ಕುಳಿತುಕೊಳ್ಳುವುದಿಲ್ಲ. ದೋಣಿಯ ಒಡಲಿನಲ್ಲಿ, ಒರಗುಕುರ್ಚಿಯಂತಹ ಬಟ್ಟೆಯ ಆಸನದಲ್ಲಿ, ಮುಂದೆ ಮುಖ ಮಾಡಿ, ನೀರಿನ ಮಟ್ಟಕ್ಕೆ ಹತ್ತಿರವಾಗಿ ಕುಳಿತುಕೊಳ್ಳುತ್ತಾನೆ. ಎದುರಿಗೆ ಇರುವ ಹಿಡಿಕೋಲನ್ನು ಎಡಬಲಕ್ಕೆ ತಳ್ಳಿದರೆ ದೋಣಿ ತಿರುಗುತ್ತದೆ. ಗಾಳಿ ಹೆಚ್ಚಿದರೆ ಹಾಯಿಯನ್ನು ಕಂಬದ ಸುತ್ತ ಸುರುಳಿಯಾಗಿ ಸುತ್ತಿ ಚಿಕ್ಕದಾಗಿಸಬಹುದು. ಇಬ್ಬರು ಅಕ್ಕಪಕ್ಕದಲ್ಲಿ ಕೂರಬಹುದಾದ್ದರಿಂದ ಕಲಿಸುವವರೂ ಕಲಿಯುವವರೂ ಒಂದೇ ದೋಣಿಯಲ್ಲಿರುತ್ತಾರೆ. ಕೈಗಳಲ್ಲಿಯೂ ಬಲವಿಲ್ಲದವರಿಗೆ ವಿದ್ಯುತ್ ಸಹಾಯದಿಂದ ಚುಕ್ಕಾಣಿ ತಿರುಗಿಸುವ, ಹಾಯಿ ಎಳೆಯುವ ಏರ್ಪಾಟನ್ನು ಸೇರಿಸಬಹುದು.

ಇದಕ್ಕಿಂತ ಮುಂಚೆಯೇ ಸ್ವೀಡನ್ ದೇಶದಲ್ಲಿ ಇನ್ನೊಂದು ಬಗೆಯ ದೋಣಿ ಬೆಳೆದಿತ್ತು. ‘2.4 ಎಂ.ಆರ್.’ ಎಂಬ ಈ ಏಕಾಸನದ ದೋಣಿಯ ಪ್ರಖ್ಯಾತ ಮಾದರಿಯನ್ನು ರಚಿಸಿದವರು ಪೀಟರ್ ನಾರ್ಲಿನ್. ದೊಡ್ಡ ಪಂದ್ಯದ ಹಡಗುಗಳನ್ನೇ ಕುಗ್ಗಿಸಿ ಮಾಡಿದಂತಿರುವ ಇದರ ಉದ್ದ ಸುಮಾರು 4.2 ಮೀಟರ್. ಒಟ್ಟು ತೂಕ ಸುಮಾರು 260 ಕಿಲೋಗ್ರಾಂ. ಅದರಲ್ಲಿ ಮೂರರಲ್ಲಿ ಎರಡು ಪಾಲು ಅಡಿಯಲ್ಲಿರುವ ಭಾರದ್ದೇ. ನಾವಿಕನು ಕತ್ತಿನವರೆಗೂ ದೋಣಿಯೊಳಗೆ ಹುದುಗಿರುತ್ತಾನೆ. ಚುಕ್ಕಾಣಿಯನ್ನು ಕಾಲಿನಿಂದಲೂ ಕೈಯಿಂದಲೂ ನಡೆಸಬಹುದು. ಯಾವ ಅಂಗ ಮಾತು ಕೇಳುವುದೋ ಅದಕ್ಕೆ ತಕ್ಕಂತೆ ಅಳವಡಿಕೆ. ಓದುಗರು ವಿಶೇಷವಾಗಿ ಗಮನಿಸಬೇಕಾದ ಅಂಶವೆಂದರೆ, ಈ ದೋಣಿಯನ್ನು ಅಂಗವಿಕಲರಿಗೆಂದೇ ರಚಿಸಲಿಲ್ಲ. ಸಕಲಾಂಗರೂ ಅಂಗವಿಕಲರೂ ಇದರಲ್ಲಿ ಒಂದೇ ಪಂದ್ಯದಲ್ಲಿ, ಯಾವ ರಿಯಾಯಿತಿಯೂ ಇಲ್ಲದೆ ಸ್ಪರ್ಧಿಸುತ್ತಾರೆ. ದೋಣಿಯೊಳಗೆ ಕುಳಿತವರಲ್ಲಿ ಯಾರಿಗೆ ಕಾಲಿದೆ, ಯಾರಿಗೆ ಇಲ್ಲವೆಂದು ದಡದಿಂದ ನೋಡುವವರಿಗೆ ತಿಳಿಯುವುದೇ ಇಲ್ಲ.

ಕಣ್ಣು ಕಾಣದವರ ವಿಷಯದಲ್ಲಿ ದಾರಿ ಇನ್ನೊಂದು. ಅನುಭವಿ ನಾವಿಕರು ಗಾಳಿಯನ್ನು ಕಣ್ಣಿನಿಂದ ನೋಡುವುದಕ್ಕಿಂತ ಕೆನ್ನೆಯಿಂದಲೂ ಕಿವಿಯಿಂದಲೂ ಅರಿಯುವುದೇ ಹೆಚ್ಚು. ದೋಣಿ ಎಷ್ಟು ವಾಲಿದೆಯೆಂಬುದು ಕುಳಿತವರ ಮೈಗೆ ತಿಳಿಯುತ್ತದೆ. ವೇಗ ಹೆಚ್ಚಿತೋ ಕುಗ್ಗಿತೋ ಎಂಬುದನ್ನು ಅಂಚಿಗೆ ಬಡಿಯುವ ನೀರಿನ ಸದ್ದೇ ಹೇಳುತ್ತದೆ. ಆದ್ದರಿಂದ ಅಂಧರ ಪಂದ್ಯಗಳಲ್ಲಿ ಚುಕ್ಕಾಣಿಯನ್ನು ಅಂಧರೇ ಹಿಡಿಯುತ್ತಾರೆ; ಕಣ್ಣುಳ್ಳ ಸಹಾಯಕರು ಇತರ ದೋಣಿಗಳಿರುವ ಸ್ಥಳವನ್ನು ಬಾಯಿಮಾತಿನಿಂದ ತಿಳಿಸುತ್ತಾರೆ. ಇಟಲಿಯ ಗಾರ್ಡಾ ಸರೋವರದಲ್ಲಿ ರೂಪುಗೊಂಡ ಇನ್ನೊಂದು ಪದ್ಧತಿಯಲ್ಲಿ ಆ ಸಹಾಯಕರೂ ದೋಣಿಯಲ್ಲಿ ಇರುವುದಿಲ್ಲ. ಗುರುತಿನ ತೇಲುಬುರುಡೆಗಳೂ ದೋಣಿಗಳೂ ಬೇರೆ ಬೇರೆ ಧ್ವನಿ ಹೊರಡಿಸುತ್ತಿರುತ್ತವೆ. ಅಂಧ ನಾವಿಕರು ಆ ಧ್ವನಿಗಳನ್ನೇ ಹಿಡಿದು ದಾರಿ ಕಂಡುಕೊಳ್ಳುತ್ತಾರೆ.

ಒಬ್ಬ ಉಪಾಧ್ಯಾಯರ ಕನಸು

ಚಿಕ್ಕ ದೋಣಿಗಳ ಮಾತು ಹೀಗಾಯಿತು. ದೊಡ್ಡ ಹಡಗಿನ ಕಥೆಯಲ್ಲಿ ಶಿಕ್ಷಕ ಬಂಧುಗಳಿಗೆ ಪ್ರಿಯವಾಗಬಹುದಾದ ಸಂಗತಿಯೊಂದಿದೆ. ಇಂಗ್ಲೆಂಡಿನ ಕ್ರಿಸ್ಟೋಫರ್ ರಡ್ ಎಂಬವರು ಉಪಾಧ್ಯಾಯರೂ ಹೌದು, ಹಾಯಿದೋಣಿಯ ಹವ್ಯಾಸಿಯೂ ಹೌದು. ಇತರ ಮಕ್ಕಳಿಗೆ ಕಡಲಿನಲ್ಲಿ ದೊರೆಯುವ ಅನುಭವ ತಾವು ಕಲಿಸುವ ಅಂಗವಿಕಲ ಮಕ್ಕಳಿಗೂ ಏಕೆ ದೊರೆಯಬಾರದೆಂಬ ಪ್ರಶ್ನೆ ಅವರನ್ನು ಕಾಡಿತು. ಆ ಪ್ರಶ್ನೆಯ ಫಲವಾಗಿ 1978ರಲ್ಲಿ ‘ಜೂಬಿಲಿ ಸೇಲಿಂಗ್ ಟ್ರಸ್ಟ್’ ಎಂಬ ಧರ್ಮಸಂಸ್ಥೆ ಹುಟ್ಟಿತು. ಅದು ಕಟ್ಟಿಸಿದ ಮೂರು ಕಂಬಗಳ ಹಾಯಿಹಡಗು 1985ರಲ್ಲಿ ನೀರಿಗಿಳಿದು, ಮರುವರ್ಷ ಮೊದಲ ಯಾನ ಕೈಗೊಂಡಿತು. ಆ ಹಡಗಿಗೆ ಇಟ್ಟ ಹೆಸರು ‘ಲಾರ್ಡ್ ನೆಲ್ಸನ್’. ಇಂಗ್ಲೆಂಡಿನ ಈ ಪ್ರಸಿದ್ಧ ನೌಕಾಪತಿ ಒಂದು ಕಣ್ಣಿನ ದೃಷ್ಟಿಯನ್ನೂ ಬಲಗೈಯನ್ನೂ ಕಳೆದುಕೊಂಡ ಮೇಲೆಯೇ ತನ್ನ ಬಹುಮುಖ್ಯ ಯುದ್ಧಗಳನ್ನು ಗೆದ್ದವನೆಂಬುದನ್ನು ನೆನೆದರೆ ಹೆಸರಿನ ಔಚಿತ್ಯ ಮನದಟ್ಟಾಗುತ್ತದೆ.

ಈ ಹಡಗಿನಲ್ಲಿ ಗಾಲಿಕುರ್ಚಿ ಸರಾಗವಾಗಿ ಚಲಿಸುವಷ್ಟು ಅಗಲವಾದ, ಸಮತಟ್ಟಾದ ಅಟ್ಟಗಳಿದ್ದವು. ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಹೋಗಲು ಲಿಫ್ಟುಗಳಿದ್ದವು. ಅಂಧರು ಚುಕ್ಕಾಣಿ ಹಿಡಿಯಲು ಅನುವಾಗುವಂತೆ ದಿಕ್ಕನ್ನು ಮಾತಿನಲ್ಲಿ ಹೇಳುವ ದಿಕ್ಸೂಚಿಯಿತ್ತು. ಆದರೆ ಉಪಕರಣಗಳಿಗಿಂತ ದೊಡ್ಡದು ಅಲ್ಲಿನ ಪದ್ಧತಿ. ಯಾನಿಕರಲ್ಲಿ ಅರ್ಧದಷ್ಟು ಜನ ಅಂಗವಿಕಲರು, ಉಳಿದರ್ಧ ಸಕಲಾಂಗರು. ಒಬ್ಬರಿಗೆ ಒಬ್ಬರು ಜೊತೆ. ರಾತ್ರಿಯ ಪಹರೆ, ಅಡುಗೆಮನೆಯ ಸರದಿ, ಹಗ್ಗ ಎಳೆಯುವ ದುಡಿಮೆ ಯಾವುದರಿಂದಲೂ ಯಾರಿಗೂ ವಿನಾಯಿತಿಯಿರಲಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತವರನ್ನು ಕುರ್ಚಿಯ ಸಮೇತ ಹಗ್ಗಗಳಿಂದ ಹಾಯಿಕಂಬದ ಮೇಲಕ್ಕೆ ಏರಿಸಿದ ಸಂದರ್ಭಗಳೂ ಉಂಟು. ತಮ್ಮನ್ನು ಯಾರೋ ಪ್ರವಾಸಕ್ಕೆ ಕರೆದೊಯ್ಯುತ್ತಿದ್ದಾರೆಂಬ ಭಾವನೆ ಅಲ್ಲಿ ಬರುತ್ತಿರಲಿಲ್ಲ. ತಾವಿಲ್ಲದಿದ್ದರೆ ಹಡಗು ನಡೆಯದೆಂಬ ಭಾವನೆ ಬರುತ್ತಿತ್ತು. ಕರುಣೆಗೂ ಗೌರವಕ್ಕೂ ಇರುವ ಅಂತರ ಇಷ್ಟೇ.

2000ದಲ್ಲಿ ಇದೇ ಸಂಸ್ಥೆ ‘ಟೆನೇಷಿಯಸ್’ ಎಂಬ ಎರಡನೆಯ ಹಡಗನ್ನು ನೀರಿಗಿಳಿಸಿತು. ಮರದ ಒಡಲಿನ ಈ ಭಾರಿ ಹಡಗನ್ನು ಕಟ್ಟುವ ಕೆಲಸದಲ್ಲಿಯೂ ಅಂಗವಿಕಲ ಸ್ವಯಂಸೇವಕರು ಪಾಲುಗೊಂಡರು. ಆದರೆ ಇಂತಹ ಹಡಗುಗಳ ನಿರ್ವಹಣೆಯ ವೆಚ್ಚ ಅಪಾರ. ‘ಲಾರ್ಡ್ ನೆಲ್ಸನ್’ 2019ರಲ್ಲಿ ನಿವೃತ್ತವಾಯಿತು. 2023ರ ಅಂತ್ಯಕ್ಕೆ ಹಣದ ಮುಗ್ಗಟ್ಟಿನಿಂದ ಸಂಸ್ಥೆಯೇ ತನ್ನ ಕಾರ್ಯವನ್ನು ನಿಲ್ಲಿಸಬೇಕಾಯಿತು. ನಲವತ್ತೈದು ವರ್ಷಗಳ ಸತ್ಕಾರ್ಯವೊಂದು ಹೀಗೆ ನಿಂತುಹೋದದ್ದು ದುಃಖದ ಸಂಗತಿ. ಕಟ್ಟುವ ದಿನ ಬರುವ ದಾನದಷ್ಟೇ, ಕಟ್ಟಿದ್ದನ್ನು ನಡೆಸುವ ದಿನಗಳಲ್ಲಿ ಬರುವ ದಾನವೂ ಮುಖ್ಯವೆಂಬುದನ್ನು ಸಂಸ್ಥೆಗಳನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಡಲು ದಾಟಿದವರು

ದೋಣಿ ಬದಲಾದಂತೆ, ಅದುವರೆಗೆ ದಡದಲ್ಲಿ ಉಳಿದಿದ್ದ ಶಕ್ತಿಗಳು ಬೆಳಕಿಗೆ ಬಂದವು. ಬ್ರಿಟನ್ನಿನ ಜೆಫ್ ಹೋಲ್ಟ್ ವೃತ್ತಿಯಿಂದಲೇ ನಾವಿಕರಾಗಿದ್ದವರು. 1984ರಲ್ಲಿ, ಹದಿನೆಂಟರ ಹರೆಯದಲ್ಲಿ, ಕೆರಿಬಿಯನ್ ದ್ವೀಪವೊಂದರ ತೀರದಲ್ಲಿ ನೀರಿಗೆ ಧುಮುಕುವಾಗ ಕತ್ತಿನ ಮೂಳೆ ಮುರಿದು ಅವರ ದೇಹದ ಬಹುಭಾಗ ಸ್ವಾಧೀನ ತಪ್ಪಿತು. 2007ರಲ್ಲಿ ಅವರು ಹದಿನೈದು ಅಡಿಯ ಮೂರೊಡಲ ದೋಣಿಯಲ್ಲಿ 109 ದಿನಗಳ ಕಾಲ ಸಾಗಿ ಬ್ರಿಟನ್ನನ್ನು ಸುತ್ತಿದರು. ಅನಂತರ ಗಾಲಿಕುರ್ಚಿಯಲ್ಲಿ ಕುಳಿತೇ ನಡೆಸಬಹುದಾದ ‘ಇಂಪಾಸಿಬಲ್ ಡ್ರೀಮ್’ ಎಂಬ ಜೋಡಿಯೊಡಲಿನ ಹಡಗಿನಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದರು. ಆರೈಕೆಗೆ ಒಬ್ಬರು, ಚಿತ್ರೀಕರಣಕ್ಕೆ ಒಬ್ಬರು ಜೊತೆಯಲ್ಲಿದ್ದರೂ ಹಡಗು ನಡೆಸುವ ಹೊಣೆ ಅವರೊಬ್ಬರದೇ. 2010ರ ಜನವರಿಯಲ್ಲಿ ಅವರು ಬಂದು ತಲುಪಿದ್ದು, ಇಪ್ಪತ್ತೈದು ವರ್ಷಗಳ ಹಿಂದೆ ತಾವು ಬಿದ್ದ ಅದೇ ತೀರವನ್ನು.

ಜಪಾನಿನ ಮಿತ್ಸುಹಿರೋ ಇವಾಮೊಟೊ ಹದಿಹರೆಯದಲ್ಲಿಯೇ ದೃಷ್ಟಿ ಕಳೆದುಕೊಂಡವರು. 2013ರಲ್ಲಿ ಪೆಸಿಫಿಕ್ ಸಾಗರವನ್ನು ದಾಟಲು ಹೊರಟಾಗ ದೋಣಿ ತಿಮಿಂಗಿಲಕ್ಕೆ ಡಿಕ್ಕಿಯಾಗಿ ಮುಳುಗಿತು. ಜೀವ ಉಳಿದದ್ದೇ ಹೆಚ್ಚು. ಆರು ವರ್ಷಗಳ ಬಳಿಕ, 2019ರಲ್ಲಿ, ಕಣ್ಣುಳ್ಳ ಸಂಗಾತಿಯೊಬ್ಬರೊಡನೆ ಅಮೆರಿಕದ ಸ್ಯಾನ್ ಡಿಯಾಗೋದಿಂದ ಹೊರಟು ಸುಮಾರು ಎರಡು ತಿಂಗಳು ಎಲ್ಲಿಯೂ ನಿಲ್ಲದೆ ಜಪಾನಿನ ಫುಕುಶಿಮಾ ತೀರವನ್ನು ಮುಟ್ಟಿದರು. ಎಡಗೈಯ ಹಸ್ತವಿಲ್ಲದೆ ಹುಟ್ಟಿದ ಫ್ರಾನ್ಸಿನ ದಾಮಿಯೆನ್ ಸೆಗಾಂ, ಏಕಾಂಗಿಯಾಗಿ ಎಲ್ಲಿಯೂ ನಿಲ್ಲದೆ ಭೂಮಂಡಲವನ್ನು ಸುತ್ತುವ ‘ವಾಂದೇ ಗ್ಲೋಬ್’ ಪಂದ್ಯವನ್ನು 2021ರ ಜನವರಿಯಲ್ಲಿ ಸುಮಾರು 81 ದಿನಗಳಲ್ಲಿ ಮುಗಿಸಿ ಏಳನೆಯವರಾದರು. ಅವರ ಹಿಂದೆ ಉಳಿದವರೆಲ್ಲರಿಗೂ ಎರಡು ಕೈಗಳಿದ್ದವು.

ಇನ್ನು ಲೇಖನದ ಆರಂಭದಲ್ಲಿ ಹೇಳಿದ ಹಿಲರಿ ಲಿಸ್ಟರ್ ಅವರ ಕಥೆಗೆ ನಮ್ಮ ನೆಲದ ಸಂಬಂಧವೂ ಉಂಟು. 2014ರಲ್ಲಿ ಅವರು ಓಮಾನಿನ ನಶ್ವಾ ಅಲ್ ಕಿಂದಿ ಎಂಬ ಮಹಿಳೆಯೊಡನೆ ಮುಂಬಯಿಯಿಂದ ಮಸ್ಕತ್ತಿನವರೆಗೆ ಸುಮಾರು 850 ಸಮುದ್ರ ಮೈಲಿಗಳನ್ನು ಹಾಯಿದೋಣಿಯಲ್ಲಿ ಕ್ರಮಿಸಿದರು. ಅದು ಕಾರವಾರ, ಮಂಗಳೂರುಗಳ ತೀರವನ್ನು ತೊಳೆಯುವ ಅದೇ ಅರಬ್ಬೀ ಸಮುದ್ರ. 2018ರಲ್ಲಿ ಅವರು ತೀರಿಕೊಂಡರು.

ಪದಕದ ಮೆಟ್ಟಿಲು

ಇಂತಹ ಏಕೈಕ ಸಾಹಸಗಳ ಜೊತೆಗೆ ಸ್ಪರ್ಧೆಯ ರೂಪದಲ್ಲಿಯೂ ಈ ಕ್ರೀಡೆ ಬೆಳೆಯಿತು. ಅಂಗವಿಕಲರ ಒಲಿಂಪಿಕ್ಸ್ ಎನಿಸಿದ ಪ್ಯಾರಾಲಿಂಪಿಕ್ ಕೂಟದಲ್ಲಿ ಹಾಯಿದೋಣಿಯನ್ನು ಮೊದಲು 1996ರಲ್ಲಿ ಅಟ್ಲಾಂಟಾದಲ್ಲಿ ಪ್ರದರ್ಶನ ಕ್ರೀಡೆಯಾಗಿ ನಡೆಸಲಾಯಿತು. 2000ದ ಸಿಡ್ನಿ ಕೂಟದಲ್ಲಿ ಅದಕ್ಕೆ ಪೂರ್ಣ ಮಾನ್ಯತೆ ದೊರೆಯಿತು. ಒಬ್ಬರು ನಡೆಸುವ 2.4 ಎಂ.ಆರ್. ಮತ್ತು ಮೂವರು ನಡೆಸುವ ‘ಸೋನಾರ್’ ಎಂಬ ಎರಡು ವರ್ಗಗಳಿದ್ದವು. 2008ರ ಬೀಜಿಂಗ್ ಕೂಟದಲ್ಲಿ ಇಬ್ಬರು ನಡೆಸುವ ‘ಸ್ಕಡ್ 18’ ಸೇರಿತು.

ಬೇರೆ ಬೇರೆ ಬಗೆಯ ವೈಕಲ್ಯವುಳ್ಳವರು ಒಂದೇ ಪಂದ್ಯದಲ್ಲಿ ಸೇರಿದಾಗ ನ್ಯಾಯವನ್ನು ಹೇಗೆ ಕಾಯುವುದು? ಅದಕ್ಕಾಗಿ ಒಂದು ಜಾಣ ಲೆಕ್ಕವನ್ನು ರೂಪಿಸಿದರು. ಪ್ರತಿಯೊಬ್ಬ ನಾವಿಕನಿಗೂ ಅವನ ದೇಹದ ಶಕ್ಯತೆಗೆ ಅನುಗುಣವಾಗಿ 1ರಿಂದ 7ರವರೆಗೆ ಅಂಕ. ವೈಕಲ್ಯ ತೀವ್ರವಾದಷ್ಟೂ ಅಂಕ ಕಡಿಮೆ. ಸೋನಾರ್ ದೋಣಿಯ ಮೂವರ ಅಂಕಗಳ ಮೊತ್ತ 14ನ್ನು ಮೀರಕೂಡದು. ಇದರಿಂದಾಗಿ ಹೆಚ್ಚಿನ ವೈಕಲ್ಯವುಳ್ಳವರನ್ನು ಬಿಟ್ಟು ತಂಡ ಕಟ್ಟುವುದು ಸಾಧ್ಯವಿರಲಿಲ್ಲ. ಸ್ಕಡ್ ದೋಣಿಯಲ್ಲಿ ಒಬ್ಬರು ತೀವ್ರ ವೈಕಲ್ಯವುಳ್ಳವರಾಗಿರಬೇಕೆಂದೂ, ಇಬ್ಬರಲ್ಲಿ ಒಬ್ಬರು ಮಹಿಳೆಯಾಗಿರಬೇಕೆಂದೂ ನಿಯಮವಿತ್ತು. ಅತ್ಯಂತ ದುರ್ಬಲನೆಂದು ತೋರುವವನು ತಂಡಕ್ಕೆ ಹೊರೆಯಾಗದೆ ಅನಿವಾರ್ಯನಾಗುವಂತೆ ಮಾಡಿದ ಈ ನಿಯಮಗಳು ಸಮಾಜಕ್ಕೇ ಒಂದು ಪಾಠವೆಂದರೆ ಅತಿಶಯೋಕ್ತಿಯಾಗದು.

ಈ ಮೆಟ್ಟಿಲನ್ನೇರಿದವರಲ್ಲಿ ಅಮೆರಿಕದ ನಿಕ್ ಸ್ಕ್ಯಾಂಡೋನ್ ಅವರನ್ನು ಮರೆಯುವಂತಿಲ್ಲ. ಸ್ನಾಯುಗಳ ಶಕ್ತಿ ದಿನೇ ದಿನೇ ಕುಂದಿ ಮರಣದಲ್ಲಿ ಕೊನೆಗೊಳ್ಳುವ ನರರೋಗ ತಮಗಿದೆಯೆಂದು ಅವರಿಗೆ 2002ರಲ್ಲಿ ತಿಳಿಯಿತು. 2005ರಲ್ಲಿ ಅವರು 2.4 ಎಂ.ಆರ್. ವಿಶ್ವ ಚಾಂಪಿಯನ್‌ಷಿಪ್ಪನ್ನು ಸಕಲಾಂಗರೊಡನೆ ಸ್ಪರ್ಧಿಸಿ ಗೆದ್ದರು. 2008ರಲ್ಲಿ ಚೀನದ ಚಿಂಗ್‌ದಾವ್ ಬಂದರಿನಲ್ಲಿ, ಗಾಲಿಕುರ್ಚಿಯನ್ನೇ ಅವಲಂಬಿಸಿದ್ದ ಮೌರೀನ್ ಮೆಕಿನನ್-ಟಕರ್ ಅವರೊಡನೆ ಸ್ಕಡ್ ವರ್ಗದ ಸ್ವರ್ಣಪದಕವನ್ನು ಪಡೆದರು. ಮರುವರ್ಷದ ಜನವರಿಯ ಆರಂಭದಲ್ಲಿಯೇ ಅವರು ನಿಧನರಾದರು. ದೇಹ ಸೋಲುತ್ತ ಹೋದ ಆ ವರ್ಷಗಳಲ್ಲಿಯೇ ಅವರ ವಿದ್ಯೆ ಗೆಲ್ಲುತ್ತ ಹೋಯಿತು.

ಹಿನ್ನಡೆಯ ಪಾಠ

ಇಷ್ಟೆಲ್ಲ ಬೆಳವಣಿಗೆಯ ನಡುವೆ 2015ರ ಜನವರಿ ಕೊನೆಯಲ್ಲಿ ಅನಿರೀಕ್ಷಿತ ಸುದ್ದಿಯೊಂದು ಬಂದಿತು. ಟೋಕಿಯೋ ಕೂಟದಿಂದ ಹಾಯಿದೋಣಿಯನ್ನು ಕೈಬಿಡಲು ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ ನಿರ್ಧರಿಸಿತ್ತು. 2016ರ ರಿಯೋ ಕೂಟವೇ ಕೊನೆಯದಾಯಿತು. ಈ ಕ್ರೀಡೆ ಜಗತ್ತಿನ ಸಾಕಷ್ಟು ದೇಶಗಳಲ್ಲಿ ವ್ಯಾಪಕವಾಗಿ ನಡೆಯುತ್ತಿಲ್ಲವೆಂಬುದು ಸಮಿತಿಯ ಮುಖ್ಯ ಆಕ್ಷೇಪ. ಮರುಸೇರ್ಪಡೆಗಾಗಿ ಸಲ್ಲಿಸಿದ ಮನವಿಗಳು 2024ರ ಪ್ಯಾರಿಸ್ ಕೂಟಕ್ಕೂ, 2028ರ ಲಾಸ್ ಏಂಜಲೀಸ್ ಕೂಟಕ್ಕೂ ಪುರಸ್ಕೃತವಾಗಲಿಲ್ಲ.

ನಿರ್ಧಾರ ಕಠಿಣವೆನಿಸಿದರೂ ಆಕ್ಷೇಪದಲ್ಲಿ ತಥ್ಯವಿತ್ತೆಂಬುದನ್ನು ಒಪ್ಪಲೇಬೇಕು. ಸೋನಾರ್ ಏಳು ಮೀಟರ್ ಉದ್ದದ ದೋಣಿ. ಅದನ್ನು ಕೊಳ್ಳುವುದಕ್ಕೂ ಸಾಗಿಸುವುದಕ್ಕೂ ಸಿರಿವಂತ ದೇಶಗಳಿಗೆ ಮಾತ್ರ ಸಾಧ್ಯ. ಶಿಖರವನ್ನು ಎತ್ತರಿಸುವ ಭರದಲ್ಲಿ ತಳಹದಿಯನ್ನು ಅಗಲಿಸುವ ಕೆಲಸ ಹಿಂದೆ ಬಿದ್ದಿತ್ತು. ಅದೇ ಟೋಕಿಯೋ ಕೂಟಕ್ಕೆ ಹೊಸದಾಗಿ ಸೇರಿದ ಕ್ರೀಡೆಗಳಲ್ಲಿ ಬ್ಯಾಡ್ಮಿಂಟನ್ ಒಂದು. ಒಂದು ರಾಕೆಟ್ಟು, ಒಂದು ಬಲೆ, ಒಂದು ಅಂಗಳವಿದ್ದರೆ ಯಾವ ಊರಿನಲ್ಲಿಯಾದರೂ ಕಲಿಯಬಹುದಾದ ಆಟ ಅದು. 2021ರಲ್ಲಿ ನಡೆದ ಆ ಕೂಟದಲ್ಲಿ, ಹಾಸನದಲ್ಲಿ ಜನಿಸಿದ ಕನ್ನಡಿಗ, ಆಡಳಿತ ಸೇವೆಯ ಅಧಿಕಾರಿ ಸುಹಾಸ್ ಯತಿರಾಜ್ ಬ್ಯಾಡ್ಮಿಂಟನ್ನಿನಲ್ಲಿ ರಜತಪದಕ ಪಡೆದರು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಅದೇ ಸಾಧನೆಯನ್ನು ಪುನಃ ಮಾಡಿದರು. ಆಟವೊಂದು ಜನಸಾಮಾನ್ಯರ ಕೈಗೆಟುಕಿದಾಗ ಪ್ರತಿಭೆ ಎಲ್ಲಿಂದ ಬೇಕಾದರೂ ಮೇಲೆದ್ದು ಬರುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಯಿದೋಣಿಯ ಜಾಗತಿಕ ಸಂಸ್ಥೆಯಾದ ‘ವರ್ಲ್ಡ್ ಸೇಲಿಂಗ್’ ಈ ಪಾಠವನ್ನು ತಡವಾಗಿಯಾದರೂ ಕಲಿಯಿತು. 2017ರಿಂದ ಹೊಸ ದೇಶಗಳ ನಾವಿಕರಿಗೂ ತರಬೇತುದಾರರಿಗೂ ಶಿಕ್ಷಣ ಕೊಡುವ ಕಾರ್ಯಕ್ರಮವನ್ನು ಕೈಗೊಂಡಿತು. ಅದೇ ವರ್ಷ ಜರ್ಮನಿಯ ಕೀಲ್ ನಗರದಲ್ಲಿ ನಡೆದ ಅಂಗವಿಕಲರ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ, ಕಲಿಯುವವರ ದೋಣಿಯೆಂದು ಎಣಿಸಲಾಗಿದ್ದ ಪುಟ್ಟ ಹಾನ್ಸಾ 303ಕ್ಕೆ ಸ್ಥಾನ ಕಲ್ಪಿಸಿತು. ಪದಕದ ಕೂಟ ಕೈತಪ್ಪಿದ ಮೇಲೆಯೇ ಈ ಕ್ರೀಡೆ ತನ್ನ ನಿಜವಾದ ತಳಹದಿಯ ಕಡೆಗೆ ನೋಡಿತು.

ದಡದ ಕೆಲಸ

ದೋಣಿ ಸಿದ್ಧವಾದ ಮಾತ್ರಕ್ಕೆ ಅಂಗವಿಕಲರು ಅದರಲ್ಲಿ ಕುಳಿತಂತಾಗಲಿಲ್ಲ. ಮನೆಯಿಂದ ನೀರಿನವರೆಗಿನ ದಾರಿಯಲ್ಲಿಯೇ ಹೆಚ್ಚಿನ ಅಡ್ಡಿಗಳಿವೆ. ದಡದಿಂದ ಇಳಿಯಲು ಮೆಟ್ಟಿಲುಗಳಿದ್ದರೆ ಗಾಲಿಕುರ್ಚಿ ಅಲ್ಲಿಯೇ ನಿಲ್ಲುತ್ತದೆ; ಸಣ್ಣ ಇಳಿಜಾರಿನ ಹಾದಿ ಬೇಕು. ನೀರಿನ ಮಟ್ಟ ಏರಿಳಿಯುವುದರಿಂದ, ಅದರೊಡನೆ ತಾನೂ ಏರಿಳಿಯುವ ತೇಲುವ ದಕ್ಕೆ ಇದ್ದರೆ ಒಳಿತು. ಕುರ್ಚಿಯಿಂದ ದೋಣಿಗೆ ಇಳಿಸಲು ದಪ್ಪ ಬಟ್ಟೆಯ ಜೋಲಿಯುಳ್ಳ ಚಿಕ್ಕ ಎತ್ತುಗ ಬೇಕು. ಬೆನ್ನುಹುರಿಗೆ ಪೆಟ್ಟಾದವರಿಗೆ ಕೆಳಮೈಯಲ್ಲಿ ಸ್ಪರ್ಶಜ್ಞಾನ ಇಲ್ಲದಿರುವುದರಿಂದ ಗಟ್ಟಿ ಆಸನ ಒತ್ತಿ ಹುಣ್ಣಾದರೂ ತಿಳಿಯದು; ಆದ್ದರಿಂದ ಮೆತ್ತನೆಯ ಹಾಸು ಅಗತ್ಯ. ಅಂಥವರಲ್ಲಿ ಅನೇಕರ ದೇಹ ಸರಿಯಾಗಿ ಬೆವರದೆ ಬಿಸಿಲಿಗೆ ಬೇಗ ಬಳಲುತ್ತದೆ. ನೆರಳು, ನೀರುಗಳ ಕಡೆ ಗಮನವಿರಬೇಕು. ಎಲ್ಲರಿಗೂ ತೇಲಂಗಿ ಕಡ್ಡಾಯ. ರಕ್ಷಣೆಯ ದೋಣಿಯೊಂದು ಸದಾ ಹತ್ತಿರದಲ್ಲಿರಬೇಕು. ಯಾರನ್ನೂ ತಕ್ಷಣ ಬಿಚ್ಚಲಾಗದಂತೆ ಆಸನಕ್ಕೆ ಕಟ್ಟಕೂಡದು.

ಈ ಪಟ್ಟಿಯಲ್ಲಿ ವಿಜ್ಞಾನದ ಅದ್ಭುತವೆನಿಸುವಂತಹುದು ಒಂದೂ ಇಲ್ಲ. ಬೇಕಾಗಿರುವುದು ಮುಂದಾಲೋಚನೆ, ಅಲ್ಪಸ್ವಲ್ಪ ಹಣ, ಮತ್ತು ವಾರಕ್ಕೊಂದು ದಿನ ತಪ್ಪದೆ ಬಂದು ನಿಲ್ಲುವ ಸ್ವಯಂಸೇವಕರು. ಹಿಲರಿ ಲಿಸ್ಟರ್ ಅವರನ್ನು 2003ರಲ್ಲಿ ಮೊದಲ ಬಾರಿಗೆ ಸರೋವರವೊಂದರಲ್ಲಿ ದೋಣಿಗೆ ಕರೆದೊಯ್ದವರು ಅವರ ಸ್ನೇಹಿತರು. ಅವರು ಕಡಲ್ಗಾಲುವೆಯನ್ನು ದಾಟಿದ್ದು ಅದಾದ ಎರಡೇ ವರ್ಷಗಳಿಗೆ. ಆ ಸ್ನೇಹದ ಆಹ್ವಾನ ಬಾರದೆ ಹೋಗಿದ್ದರೆ ಮುಂದಿನದೊಂದೂ ನಡೆಯುತ್ತಿರಲಿಲ್ಲ.

ನಮ್ಮ ದೇಶದಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯ 30ನೆಯ ಪ್ರಕರಣವು ಕ್ರೀಡಾ ಸೌಕರ್ಯಗಳನ್ನು ಅಂಗವಿಕಲರಿಗೆ ಅನುಕೂಲವಾಗುವಂತೆ ಮರುರೂಪಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ‘ಮರುರೂಪಿಸು’ ಎಂಬ ಈ ಒಂದು ಮಾತಿನಲ್ಲಿ ಹಾಯಿದೋಣಿಯ ಇಡೀ ಚರಿತ್ರೆಯೇ ಅಡಗಿದೆ. ಮನುಷ್ಯನನ್ನು ದೋಣಿಗೆ ಹೊಂದಿಸಲು ಹೊರಟಷ್ಟು ಕಾಲ ಅನೇಕರು ದಡದಲ್ಲಿ ಉಳಿದರು. ದೋಣಿಯನ್ನು ಮನುಷ್ಯನಿಗೆ ಹೊಂದಿಸಿದೊಡನೆ ಅವರು ಸಾಗರಗಳನ್ನು ದಾಟಿದರು. ಈ ಮಾತು ದೋಣಿಗೆ ಹೇಗೋ ಪಾಠದ ಕೋಣೆಗೂ ಹಾಗೆಯೇ. ಮೆಟ್ಟಿಲೇರಲಾರದ ಮಗುವಿನ ತರಗತಿಯನ್ನು ಕೆಳ ಅಂತಸ್ತಿಗೆ ತಂದ ಮುಖ್ಯೋಪಾಧ್ಯಾಯರು, ಕಪ್ಪುಹಲಗೆಯ ಅಕ್ಷರಗಳನ್ನು ಕಾಣದ ಮಗುವಿಗಾಗಿ ಬರೆದುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಶಿಕ್ಷಕರು, ಶಾಲೆಯ ಬಾಗಿಲಿಗೆ ಇಳಿಜಾರಿನ ಹಾದಿಯೊಂದನ್ನು ಕಟ್ಟಿಸಿಕೊಟ್ಟ ದಾನಿಗಳು ಮಾಡಿರುವುದು ಇದೇ ಕೆಲಸವನ್ನು.

ಅಂಗವಿಕಲರು ದೋಣಿ ನಡೆಸುವ ತಾಣಗಳಲ್ಲಿ ನೋಡುವವರ ಮನಸ್ಸಿನಲ್ಲಿ ನಿಲ್ಲುವ ಒಂದು ದೃಶ್ಯವಿದೆ. ದೋಣಿಗಳೆಲ್ಲ ಹಾಯಿ ಬಿಚ್ಚಿ ದೂರ ಸಾಗಿರುತ್ತವೆ. ದಕ್ಕೆಯ ಮೇಲೆ ಖಾಲಿ ಗಾಲಿಕುರ್ಚಿಗಳು ಸಾಲಾಗಿ ನಿಂತಿರುತ್ತವೆ. ಆ ಒಂದು ಗಂಟೆಯ ಮಟ್ಟಿಗೆ ಅವುಗಳಿಂದ ಯಾರಿಗೂ ಪ್ರಯೋಜನವಿಲ್ಲ. ಅವುಗಳ ಒಡೆಯರು ನೀರಿನ ಮೇಲೆ ಗಾಳಿಯ ದಿಕ್ಕನ್ನು ಲೆಕ್ಕಹಾಕುವುದರಲ್ಲಿ ಮಗ್ನರಾಗಿರುತ್ತಾರೆ.